ಬಿ ಪ್ಲಸ್‌ನಿಂದ ಡಿಗೆ: ಆರ್ಥರ್ ಫ್ಲೆಕ್‌ನನ್ನು ಪ್ರೇಕ್ಷಕರು ಹೊತ್ತು ಕುಣಿದದ್ದು, ಕೈಬಿಟ್ಟದ್ದು

2019ರ ಅಕ್ಟೋಬರ್ 2ರಂದು ‘ಜೋಕರ್’ ಭಾರತದ ಚಿತ್ರಮಂದಿರಗಳಿಗೆ ಬಂತು. ಐದು ವರ್ಷ ಕಳೆದು 2024ರ ಅಕ್ಟೋಬರ್ 2ರಂದೇ ಅದರ ಮುಂದಿನ ಭಾಗ ‘ಜೋಕರ್: ಫೋಲಿ ಆ ದ್ಯು’ ಬಂತು. ಎರಡೂ ಸಲ ಗಾಂಧಿ ಜಯಂತಿಯ ರಜೆ. ಅಮೆರಿಕದವರಿಗಿಂತ ಎರಡು ದಿನ ಮೊದಲೇ ನಮಗೆ ನೋಡಲು ಸಿಕ್ಕಿತು. ನಿರ್ದೇಶಕ ಅದೇ ಟಾಡ್ ಫಿಲಿಪ್ಸ್, ಬ್ಯಾಟ್‌ಮನ್ ಕಾಮಿಕ್ಸ್‌ನ ಖಳ ಜೋಕರ್ ಆಗಿ ಬದಲಾಗುವ ಆರ್ಥರ್ ಫ್ಲೆಕ್‌ನ ಪಾತ್ರಕ್ಕೆ ಅದೇ ವಾಕೀನ್ ಫೀನಿಕ್ಸ್, ಛಾಯಾಗ್ರಾಹಕ ಅದೇ ಲಾರೆನ್ಸ್ ಶೆರ್, ಸಂಗೀತ ಅದೇ ಹಿಲ್ಡುರ್ ಗುಡ್ನಾಡೋಟಿರ್. ಆದರೂ ಅಮೆರಿಕದಲ್ಲಿ ಮೊದಲ ರಾತ್ರಿಯ ಪ್ರೇಕ್ಷಕರನ್ನು ಕೇಳುವ ಸಿನಿಮಾಸ್ಕೋರ್ ಸಂಸ್ಥೆಯ ಲೆಕ್ಕದಲ್ಲಿ ಮೊದಲನೆಯದಕ್ಕೆ ಬಿ ಪ್ಲಸ್ ಸಿಕ್ಕರೆ ಎರಡನೆಯದಕ್ಕೆ ಬಂದದ್ದು ಡಿ. ಕಾಮಿಕ್ಸ್ ಪಾತ್ರದ ಮೇಲೆ ಮಾಡಿದ ಯಾವ ದೊಡ್ಡ ಚಿತ್ರಕ್ಕೂ ಅಲ್ಲಿಯವರೆಗೆ ಅಷ್ಟು ಕೆಳಗಿನ ದರ್ಜೆ ಬಂದಿರಲಿಲ್ಲ.

ಒಬ್ಬ ನಟನ ಕಸುಬು ಐದು ವರ್ಷದಲ್ಲಿ ಹಾಗೆ ಕುಸಿಯುವುದಿಲ್ಲ. ಎರಡನೆಯ ಚಿತ್ರವನ್ನು ಬೈದವರಲ್ಲೂ ಬಹಳ ಮಂದಿ “ಆ್ಯಕ್ಟಿಂಗ್ ಮಾತ್ರ ಬೆಂಕಿ” ಎಂದೇ ಮಾತು ಮುಗಿಸಿದರು. ಹಾಗಾದರೆ ಕುಸಿದದ್ದು ಏನು? ಮನಸ್ಸಿನ ಕತ್ತಲೆಯನ್ನು ತೋರಿಸುವ ಥ್ರಿಲ್ಲರ್‌ಗಳ ಬಗ್ಗೆ ಜನ ಆಡುವ ಮಾತಿನಲ್ಲಿ ಸಿನಿಮಾ ಎಷ್ಟು, ನಟ ಎಷ್ಟು, ನೋಡುಗ ಮನೆಯಿಂದ ಹೊತ್ತು ತಂದ ನಿರೀಕ್ಷೆ ಎಷ್ಟು ಎಂದು ಬಿಡಿಸಿ ನೋಡಲು ಈ ಜೋಡಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ನನ್ನ ಮಟ್ಟಿಗೆ ಉತ್ತರ ಹೀಗಿದೆ: ಪ್ರೇಕ್ಷಕರು ಎರಡೂ ಸಲ ಅಂಕ ಕೊಟ್ಟದ್ದು ಮುಖ್ಯವಾಗಿ ಚಿತ್ರದ ಗುಣಕ್ಕಲ್ಲ. ಆ ಪಾತ್ರದ ಜೊತೆ ತಾವು ಮಾಡಿಕೊಂಡ ಒಪ್ಪಂದ ಉಳಿಯಿತೋ ಮುರಿಯಿತೋ ಅನ್ನುವುದಕ್ಕೆ.

ಅಂಕಗಳು ಹುಟ್ಟುವ ಬಗೆ

ಮೊದಲು ಅಂಕಿಗಳ ವಿಷಯ. ಬಾಯಿಮಾತಿಗೆ ಎಲ್ಲವನ್ನೂ ‘ರೇಟಿಂಗ್’ ಅನ್ನುತ್ತೇವೆ, ಆದರೆ ಒಂದೊಂದು ಅಂಕಿಯೂ ಒಂದೊಂದು ಪ್ರಶ್ನೆಗೆ ಉತ್ತರ.

ಸಿನಿಮಾಸ್ಕೋರ್ 1970ರ ದಶಕದ ಕೊನೆಯಲ್ಲಿ ಶುರುವಾದದ್ದು. ಬಿಡುಗಡೆಯ ರಾತ್ರಿ, ಕೆಲವು ಆಯ್ದ ಊರುಗಳಲ್ಲಿ, ಚಿತ್ರಮಂದಿರದಲ್ಲೇ ಪ್ರೇಕ್ಷಕರ ಕೈಗೆ ಒಂದು ಚಿಕ್ಕ ಕಾರ್ಡು ಕೊಡುತ್ತಾರೆ. ಎಯಿಂದ ಎಫ್‌ವರೆಗೆ ದರ್ಜೆ, ವಯಸ್ಸು, ಗಂಡೋ ಹೆಣ್ಣೋ, ಯಾಕೆ ಈ ಸಿನಿಮಾಕ್ಕೆ ಬಂದಿರಿ, ಇಷ್ಟೇ ಅದರಲ್ಲಿರುವುದು. ಒಂದು ಚಿತ್ರಕ್ಕೆ ಸುಮಾರು 400 ಕಾರ್ಡು ಸಂಗ್ರಹವಾಗುತ್ತವೆ. ಇಲ್ಲಿ ಗಮನಿಸಬೇಕಾದದ್ದು, ಉತ್ತರಿಸುವವರು ಯಾರು ಅನ್ನುವುದನ್ನು. ಮೊದಲ ರಾತ್ರಿಯೇ ದುಡ್ಡು ಕೊಟ್ಟು ಬಂದವರು ಆ ಚಿತ್ರಕ್ಕಾಗಿ ಕಾದವರು, ನಮ್ಮ ಫಸ್ಟ್ ಡೇ ಫಸ್ಟ್ ಶೋ ಜನದಂಥವರು. ಬರುವಾಗಲೇ ಅರ್ಧ ಒಲಿದವರು. ಹಾಗಾಗಿ ಅವರ ಬಿ ಪ್ಲಸ್ ಅನ್ನು ಶಾಲೆಯ ಅಂಕಪಟ್ಟಿಯ ಫಸ್ಟ್ ಕ್ಲಾಸ್ ಎಂದುಕೊಳ್ಳಬಾರದು. ದೊಡ್ಡ ಚಿತ್ರಗಳಿಗೆ ಈ ಗುಂಪು ಸಾಮಾನ್ಯವಾಗಿ ಎ ದರ್ಜೆಗಳನ್ನೇ ಕೊಡುತ್ತದೆ, ಬಿ ಪ್ಲಸ್ ಅಂದರೆ ಒಳಗೆ ಸ್ವಲ್ಪ ಅಸಮಾಧಾನ ಇದೆ ಎಂದರ್ಥ. ಡಿ ಬಂತೆಂದರೆ ಒಲಿದು ಬಂದವರೇ ಸಿಟ್ಟಾಗಿ ಎದ್ದುಹೋಗಿದ್ದಾರೆ.

ಮನೋಥ್ರಿಲ್ಲರ್‌ಗಳು ಈ ಕಾರ್ಡಿನ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಮುಗ್ಗರಿಸುತ್ತವೆ. 2017ರಲ್ಲಿ ಜೆನಿಫರ್ ಲಾರೆನ್ಸ್ ನಟಿಸಿದ ‘ಮದರ್!’ಗೆ ಎಫ್ ಬಂತು. 2018ರ ‘ಹೆರೆಡಿಟರಿ’ಯನ್ನು ವಿಮರ್ಶಕರು ತಲೆಮೇಲೆ ಹೊತ್ತರು, ಮೊದಲ ರಾತ್ರಿಯ ಜನ ಡಿ ಪ್ಲಸ್ ಕೊಟ್ಟರು. ಕಾರಣ ಸರಳ. ಇಂಥ ಚಿತ್ರ ನೋಡುಗನನ್ನು ಕಲಕಿ ಹೊರಗೆ ಕಳಿಸುತ್ತದೆ. ಬಾಗಿಲ ಬಳಿ ಕಾರ್ಡು ಹಿಡಿದ ಕೈ ಇನ್ನೂ ನಡುಗುತ್ತಿರುತ್ತದೆ. “ಹೇಗಿತ್ತು?” ಎಂಬ ಪ್ರಶ್ನೆ ಅವನ ಕಿವಿಗೆ “ಈಗ ಹೇಗನ್ನಿಸುತ್ತಿದೆ?” ಎಂದು ಕೇಳಿಸುತ್ತದೆ. ಹಾಗೆಂದು ಕೆಟ್ಟ ದರ್ಜೆ ಬಂದ ಎಲ್ಲವೂ ಮುಳುಗುವುದಿಲ್ಲ. ‘ಹೆರೆಡಿಟರಿ’ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಸುಮಾರು 1.36 ಕೋಟಿ ಡಾಲರ್ ಗಳಿಸಿ ಕೊನೆಗೆ 4.4 ಕೋಟಿಗೆ ಮುಟ್ಟಿತು, ಅಂದರೆ ಆರಂಭದ ಮೂರು ಪಟ್ಟಿಗೂ ಹೆಚ್ಚು. ಕಲಕಿದ ಮನಸ್ಸು ಎರಡು ದಿನದಲ್ಲಿ ತಿಳಿಯಾಯಿತು, ಆಮೇಲೆ ಅದೇ ಜನ ಗೆಳೆಯರನ್ನು ಕಳಿಸಿದರು.

ಈ ‘ಎಷ್ಟು ಪಟ್ಟು’ ಅನ್ನುವ ಲೆಕ್ಕವೇ ನನಗೆ ಎಲ್ಲಕ್ಕಿಂತ ನಂಬಿಕೆಯದ್ದು, ಏಕೆಂದರೆ ಅದರಲ್ಲಿ ಮಾತಿಲ್ಲ, ಬರೀ ಟಿಕೆಟ್ ಇದೆ. ಅಮೆರಿಕದ ಒಟ್ಟು ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿದರೆ ಸಾಕು. 2004ರಿಂದ 2014ರವರೆಗಿನ ಚಿತ್ರಗಳಲ್ಲಿ ಎ ದರ್ಜೆಯವು ಸರಾಸರಿ 3.6 ಪಟ್ಟು, ಸಿ ದರ್ಜೆಯವು 2.5 ಪಟ್ಟು ಗಳಿಸಿದ್ದವು. ‘ಜೋಕರ್’ ಮೊದಲ ವಾರಾಂತ್ಯಕ್ಕೆ 9.62 ಕೋಟಿ ಡಾಲರ್, ಒಟ್ಟು ಸುಮಾರು 33.55 ಕೋಟಿ. ಭಾಗಿಸಿದರೆ 3.49. ಅಂದರೆ ಕಾರ್ಡಿನಲ್ಲಿ ಬಿ ಪ್ಲಸ್ ಕೊಟ್ಟ ಜನ ನಡತೆಯಲ್ಲಿ ಎ ಕೊಟ್ಟರು. ಮತ್ತೆ ನೋಡಿದರು, ಬೇರೆಯವರನ್ನು ಎಳೆದು ತಂದರು. ಎರಡನೆಯ ಚಿತ್ರದ್ದು 3.77 ಕೋಟಿಯಿಂದ ಶುರುವಾಗಿ 5.83 ಕೋಟಿಗೆ ನಿಂತಿತು, ಬರೀ 1.55 ಪಟ್ಟು. ಎರಡನೆಯ ವಾರಾಂತ್ಯಕ್ಕೆ ಗಳಿಕೆ 81 ಶೇಕಡಾ ಬಿದ್ದಿತ್ತು. ಮೊದಲನೆಯದು ಅದೇ ಹಂತದಲ್ಲಿ ಬಿದ್ದದ್ದು 42 ಶೇಕಡಾ. ಇಲ್ಲಿ ಕಾರ್ಡೂ ಟಿಕೆಟ್ಟೂ ಒಂದೇ ಮಾತು ಹೇಳಿದವು.

ಇನ್ನು ವಿಮರ್ಶಕರ, ಪ್ರೇಕ್ಷಕರ ಅಭಿಪ್ರಾಯ ಒಟ್ಟುಹಾಕುವ ಜಾಲತಾಣ ರಾಟನ್ ಟೊಮೆಟೋಸ್. ಅಲ್ಲಿ ಕಾಣುವ ಶೇಕಡಾ ಸರಾಸರಿ ಅಂಕ ಅಲ್ಲ ಎಂಬುದು ಎಷ್ಟು ಸಲ ಹೇಳಿದರೂ ಮರೆತುಹೋಗುವ ಸಂಗತಿ. ಪ್ರೇಕ್ಷಕರ ಅಂಕಿ ಅಂದರೆ 5ಕ್ಕೆ 3.5 ಅಥವಾ ಅದಕ್ಕಿಂತ ಹೆಚ್ಚು ನಕ್ಷತ್ರ ಕೊಟ್ಟವರು ನೂರಕ್ಕೆ ಎಷ್ಟು ಮಂದಿ ಅನ್ನುವುದು. ನೂರು ಜನ ನೋಡಿದರು ಎಂದುಕೊಳ್ಳಿ. ಎಲ್ಲರೂ “ಪರವಾಗಿಲ್ಲ” ಎಂದು 3.5 ಕೊಟ್ಟರೆ ಫಲಿತಾಂಶ 100. ಅದೇ ನೂರರಲ್ಲಿ 60 ಮಂದಿ ಹುಚ್ಚೆದ್ದು 5 ಕೊಟ್ಟು 40 ಮಂದಿ ಅಸಹ್ಯಪಟ್ಟು 1 ಕೊಟ್ಟರೆ ಫಲಿತಾಂಶ 60. ಸರಾಸರಿ ನೋಡಿದರೆ ಮೊದಲನೆಯದು 3.5, ಎರಡನೆಯದು 3.4, ಹೆಚ್ಚುಕಡಿಮೆ ಒಂದೇ. ಕತ್ತಲೆಯ ಚಿತ್ರಗಳು ಯಾವಾಗಲೂ ಎರಡನೆಯ ಬಗೆಯವು, ಜನರನ್ನು ಸೀಳುತ್ತವೆ. ಹಾಗಾಗಿ 60 ಕಂಡರೆ “ಸಾಧಾರಣ ಚಿತ್ರ” ಎಂದು ಓದಿಕೊಳ್ಳುವುದು ತಪ್ಪು. ಅಲ್ಲಿ ಸಾಧಾರಣ ಎಂದವರು ಒಬ್ಬರೂ ಇಲ್ಲದಿರಬಹುದು. 2019ರಲ್ಲಿ ವಿಮರ್ಶಕರ ಅಂಕಿ 70ಕ್ಕಿಂತ ತುಸು ಕೆಳಗೆ, ಪ್ರೇಕ್ಷಕರದ್ದು 90ರ ಹತ್ತಿರ ಇದ್ದದ್ದು ಎರಡು ಗುಂಪು ಎರಡು ಬೇರೆ ಚಿತ್ರ ನೋಡಿದಂತೆ ಕಾಣಲು ಇದೇ ಕಾರಣ. 2024ರಲ್ಲಿ ಎರಡೂ 30ರ ಆಸುಪಾಸಿಗೆ ಬಂದು ಕೂತವು.

ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯ ಅಂಕ ಇವೆರಡಕ್ಕಿಂತ ಬೇರೆ. ಅದು ತೂಕ ಹಾಕಿದ ಸರಾಸರಿ, ಯಾರು ಬೇಕಾದರೂ ಹಾಕಬಹುದಾದ ಮತಗಳದ್ದು. ಚಿತ್ರ ಬಂದ ವಾರದಲ್ಲಿ ಅಭಿಮಾನಿಗಳ 10, ವಿರೋಧಿಗಳ 1 ಅದರಲ್ಲಿ ತುಂಬಿರುತ್ತವೆ. ಆರು ತಿಂಗಳು ಬಿಟ್ಟು ನೋಡುವುದು ಮೇಲು.

ನಟ ಮಾಡಿದ್ದು, ಜನ ಕಂಡದ್ದು

ಫೀನಿಕ್ಸ್ ಬಗ್ಗೆ ಮಾತು ಶುರುವಾಗುವುದೇ ತೂಕದಿಂದ. ಈ ಪಾತ್ರಕ್ಕಾಗಿ ಅವರು 52 ಪೌಂಡ್, ಅಂದರೆ 23 ಕಿಲೋಗೂ ಹೆಚ್ಚು ಇಳಿಸಿದರು. ಜನ ಇದನ್ನು ಹೇಳುವಾಗ ತೂಕ ಇಳಿಸಿದ್ದೇ ನಟನೆ ಎಂಬ ಧಾಟಿ ಇರುತ್ತದೆ. ಅದು ನಟನೆಗೆ ಮಾಡುವ ಅನ್ಯಾಯ. ಪಕ್ಕೆಲುಬು ಎಣಿಸುವಂತಾದ ಮೈ ಒಂದು ಸಾಮಗ್ರಿ, ಬಣ್ಣದಂತೆ, ಬಟ್ಟೆಯಂತೆ. ಅದನ್ನಿಟ್ಟುಕೊಂಡು ಏನು ಮಾಡಿದರು ಅನ್ನುವುದು ಬೇರೆ ಪ್ರಶ್ನೆ.

ಬಸ್ಸಿನ ದೃಶ್ಯ ನೋಡಿ. ಮುಂದಿನ ಸೀಟಿನ ಮಗುವನ್ನು ನಗಿಸಲು ಆರ್ಥರ್ ಮುಖ ಕಿವುಚುತ್ತಾನೆ, ಮಗು ನಗುತ್ತದೆ. ತಾಯಿ ತಿರುಗಿ ಗದರುತ್ತಾಳೆ. ಆಗ ಅವನಿಗೆ ನಗು ಹತ್ತುತ್ತದೆ. ಬಾಯಿ ನಗುತ್ತಿದೆ, ಕಣ್ಣು ಅಳುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ನಡುನಡುವೆ ಉಸಿರು ಕಟ್ಟುತ್ತದೆ, ನಿಲ್ಲಿಸಲು ಹೆಣಗುವಾಗ ನಗು ಇನ್ನೂ ಒರಟಾಗುತ್ತದೆ. ಜೇಬಿನಿಂದ ಒಂದು ಚೀಟಿ ತೆಗೆದು ಆಕೆಗೆ ಕೊಡುತ್ತಾನೆ. ತನಗೊಂದು ಕಾಯಿಲೆ ಇದೆ, ಮಿದುಳಿಗೆ ಪೆಟ್ಟಾದವರಲ್ಲಿ ಹೀಗೆ ತಡೆಯಿಲ್ಲದ ನಗು ಬರುತ್ತದೆ, ಕ್ಷಮಿಸಿ ಎಂಬ ಅರ್ಥದ ಬರಹ ಅದರಲ್ಲಿದೆ. ಆ ನಗುವಿಗಾಗಿ ಫೀನಿಕ್ಸ್ ಇಂಥ ತೊಂದರೆ ಇರುವವರ ವಿಡಿಯೋಗಳನ್ನು ನೋಡಿ ಕಲಿತರು. ವೈದ್ಯರು ಈ ಸ್ಥಿತಿಯನ್ನು ಸ್ಯೂಡೋಬಲ್ಬರ್ ಅಫೆಕ್ಟ್ ಎನ್ನುತ್ತಾರೆ. ಪಾರ್ಶ್ವವಾಯು, ತಲೆಗೆ ಪೆಟ್ಟು, ಕೆಲವು ನರರೋಗಗಳಲ್ಲಿ ಇದು ಬರುತ್ತದೆ. ಮನಸ್ಸಿನಲ್ಲಿರುವ ಭಾವಕ್ಕೂ ಹೊರಗೆ ಬರುವ ನಗು-ಅಳುವಿಗೂ ಕೊಂಡಿ ತಪ್ಪಿರುತ್ತದೆ. ಇದನ್ನು ‘ಹುಚ್ಚು ನಗು’ ಎಂದು ಕರೆದವರು ಆ ಚೀಟಿಯನ್ನು ಓದಿಲ್ಲ. ಪಾತ್ರ ಮೊದಲ ಇಪ್ಪತ್ತು ನಿಮಿಷದಲ್ಲೇ ಕೈಗೆ ಕೊಟ್ಟ ವಿವರಣೆ ಅದು.

ಇನ್ನೊಂದು, ಶೌಚಾಲಯದ ನೃತ್ಯ. ರೈಲಿನಲ್ಲೂ ನಿಲ್ದಾಣದಲ್ಲೂ ಮೂವರನ್ನು ಕೊಂದು ಓಡಿಬಂದ ಆರ್ಥರ್ ಸಾರ್ವಜನಿಕ ಶೌಚಾಲಯದೊಳಗೆ ಬಾಗಿಲು ಹಾಕಿಕೊಳ್ಳುತ್ತಾನೆ. ಬರೆದಿದ್ದ ಪ್ರಕಾರ ಅವನು ಅಲ್ಲಿ ಪಿಸ್ತೂಲು ಬಚ್ಚಿಡಬೇಕು, ಬಣ್ಣ ತೊಳೆಯಬೇಕು. ನಿರ್ದೇಶಕ, ನಟ ಇಬ್ಬರಿಗೂ ಅದು ಒಪ್ಪಿಗೆಯಾಗಲಿಲ್ಲ. ಗುಡ್ನಾಡೋಟಿರ್ ಚಿತ್ರೀಕರಣಕ್ಕೆ ಮೊದಲೇ, ಬರೀ ಸ್ಕ್ರಿಪ್ಟ್ ಓದಿ, ಚೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯದಲ್ಲಿ ಕೆಲವು ತುಣುಕು ಮಾಡಿ ಕಳಿಸಿದ್ದರು. ಫಿಲಿಪ್ಸ್ ಅದರಲ್ಲೊಂದನ್ನು ಅಲ್ಲೇ ಹಾಕಿದರು. ಫೀನಿಕ್ಸ್ ಕಾಲು ಸರಿಸಲು ಶುರುಮಾಡಿದರು. ಹೆದರಿ ಒಳಗೆ ಬಂದ ಮನುಷ್ಯ ಒಂದು ರಾಗದ ಉದ್ದಕ್ಕೆ ಬೇರೆ ಯಾರೋ ಆಗುತ್ತಾನೆ, ಒಂದು ಮಾತೂ ಇಲ್ಲದೆ. ಚಿತ್ರಕ್ಕೆ ಸಿಕ್ಕಿದ 11 ಆಸ್ಕರ್ ನಾಮನಿರ್ದೇಶನಗಳಲ್ಲಿ ಕೈಗೆ ಬಂದದ್ದು ಎರಡೇ, ನಟನೆಗೆ ಮತ್ತು ಸಂಗೀತಕ್ಕೆ. ಈ ಒಂದು ದೃಶ್ಯ ನೋಡಿದರೆ ಅವೆರಡು ಯಾಕೆ ಜೊತೆಯಾಗಿ ಬಂದವು ಎಂಬುದು ತಿಳಿಯುತ್ತದೆ.

ಇಂಥ ನಟನೆಯನ್ನು ಕಂಡಾಗ ಜನ ಇನ್ನೊಂದು ಕಥೆ ಹೆಣೆಯುತ್ತಾರೆ: ಪಾತ್ರ ನಟನನ್ನು ತಿಂದುಹಾಕಿತು ಎಂದು. 2008ರ ಬ್ಯಾಟ್‌ಮನ್ ಚಿತ್ರದಲ್ಲಿ ಜೋಕರ್ ಆಗಿದ್ದ ಹೀತ್ ಲೆಡ್ಜರ್ ಆ ಪಾತ್ರದ ಒತ್ತಡಕ್ಕೇ ಸತ್ತರು ಎಂಬ ಮಾತು ಕನ್ನಡದ ಪೋಸ್ಟುಗಳಲ್ಲೂ ವರ್ಷಕ್ಕೆ ನಾಲ್ಕು ಸಲ ಸುತ್ತಿ ಬರುತ್ತದೆ. ನಡೆದದ್ದು ಬೇರೆ. 2008ರ ಜನವರಿ 22ರಂದು, 28ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡದ್ದು ವೈದ್ಯರು ಬರೆದುಕೊಡುವ ಹಲವು ಔಷಧಿಗಳು ಆಕಸ್ಮಿಕವಾಗಿ ಒಟ್ಟು ಸೇರಿದ್ದರಿಂದ. ಜೋಕರ್ ಚಿತ್ರೀಕರಣ ಆಗಲೇ ಮುಗಿದಿತ್ತು, ಅವರು ಇನ್ನೊಂದು ಚಿತ್ರದಲ್ಲಿದ್ದರು. ಪಾತ್ರ ಕೊಂದಿತು ಎಂಬ ಕಥೆಯನ್ನು ಅವರ ಮನೆಯವರೇ ಅಲ್ಲಗಳೆದಿದ್ದಾರೆ. ಈ ಕಥೆ ಕಲಾವಿದನಿಗೆ ಗೌರವ ಕೊಟ್ಟಂತೆ ಕಾಣುತ್ತದೆ, ವಾಸ್ತವದಲ್ಲಿ ಅವನ ಕೌಶಲ್ಯವನ್ನು ಕಿತ್ತುಕೊಳ್ಳುತ್ತದೆ. ಹಿಡಿತ ತಪ್ಪಿದವನಂತೆ ಕಾಣಲು ಎಷ್ಟು ಹಿಡಿತ ಬೇಕು ಅನ್ನುವುದನ್ನು ಅದು ಒಪ್ಪುವುದೇ ಇಲ್ಲ.

ಮೆಟ್ಟಿಲು ಮತ್ತು ಚಿಲಕ

2019ರ ಪ್ರೇಕ್ಷಕರ ಮಾತು ಎರಡು ದೃಶ್ಯಗಳ ಸುತ್ತ ಕವಲೊಡೆಯುತ್ತದೆ. ಒಂದು ಎಲ್ಲರಿಗೂ ನೆನಪಿದೆ. ಇನ್ನೊಂದನ್ನು ಹೆಚ್ಚಿನವರು ಮರೆತಿದ್ದಾರೆ, ನನ್ನ ಪ್ರಕಾರ ಅದೇ ಮುಖ್ಯ.

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶೇಕ್ಸ್‌ಪಿಯರ್ ಅವೆನ್ಯೂ, ಆ್ಯಂಡರ್ಸನ್ ಅವೆನ್ಯೂಗಳನ್ನು ಸೇರಿಸುವ ಕಡಿದಾದ ಮೆಟ್ಟಿಲಿನ ಸಾಲಿದೆ. ಚಿತ್ರದ ಮೊದಲರ್ಧದಲ್ಲಿ ಆರ್ಥರ್ ಕುಗ್ಗಿದ ಬೆನ್ನು ಹೊತ್ತು ಅದನ್ನು ಹತ್ತುತ್ತಲೇ ಇರುತ್ತಾನೆ. ಕೊನೆಗೆ ಕೆಂಪು ಸೂಟು ತೊಟ್ಟು, ಬಣ್ಣ ಬಳಿದು, ಕುಣಿಯುತ್ತ ಇಳಿಯುತ್ತಾನೆ. ಹತ್ತುವುದು ನೋವು, ಇಳಿಯುವುದು ಸಂಭ್ರಮ. ಆಕಾರದಲ್ಲೇ ಅರ್ಥ ಇದೆ: ಇದು ಪತನ. ಆದರೆ ಥಿಯೇಟರಿನಲ್ಲಿ ಕೂತವನ ಮೈಗೆ ಅದು ಬಿಡುಗಡೆ. ಗಂಟೆಗಟ್ಟಲೆ ಅವನ ಜೊತೆ ಕುಗ್ಗಿದ್ದೇವೆ, ಈಗ ಅವನು ನೆಟ್ಟಗೆ ನಿಂತ. ನಮ್ಮ ಕಡೆಯ ಮಾಸ್ ಚಿತ್ರಗಳಲ್ಲಿ ಹೀರೋ ಎಂಟ್ರಿಗೆ ಬರುವ ರೋಮಾಂಚನವೇ ಇದು, ತಡವಾಗಿ ಬಂದದ್ದು ಅಷ್ಟೇ. ಚಿತ್ರ ಬಂದ ಕೆಲವೇ ದಿನಗಳಲ್ಲಿ ಜನ ಆ ಮೆಟ್ಟಿಲ ಮೇಲೆ ವೇಷ ಹಾಕಿ ಫೋಟೋ ತೆಗೆಸಿಕೊಳ್ಳಲು ಹೋಗತೊಡಗಿದರು.

ಆ ಇಳಿಕೆಗೆ ಸ್ವಲ್ಪ ಮೊದಲು ಆರ್ಥರ್‌ನ ಮನೆಗೆ ಇಬ್ಬರು ಹಳೆಯ ಸಹೋದ್ಯೋಗಿಗಳು ಬಂದಿರುತ್ತಾರೆ. ಒಬ್ಬನನ್ನು ಅವನು ಕಣ್ಣೆದುರೇ ಭೀಕರವಾಗಿ ಕೊಲ್ಲುತ್ತಾನೆ. ಇನ್ನೊಬ್ಬ ಗ್ಯಾರಿ, ಕುಳ್ಳ ಮೈಕಟ್ಟಿನವನು. ಆರ್ಥರ್ ಅವನಿಗೆ ಹೋಗು ಎನ್ನುತ್ತಾನೆ, ನೀನೊಬ್ಬನೇ ನನ್ನ ಜೊತೆ ಚೆನ್ನಾಗಿದ್ದವನು ಎನ್ನುತ್ತಾನೆ. ಗ್ಯಾರಿ ಬಾಗಿಲಿಗೆ ಓಡುತ್ತಾನೆ. ಮೇಲಿನ ಚಿಲಕ ಅವನಿಗೆ ಎಟುಕುವುದಿಲ್ಲ. ತಿರುಗಿ, ಆಗಷ್ಟೇ ಕೊಲೆ ಮಾಡಿದವನನ್ನೇ ಚಿಲಕ ತೆಗೆಯಲು ಬೇಡಬೇಕು. ಇಲ್ಲಿ ನಗು ಬರುತ್ತದೆ. ಬಂದ ಮರುಕ್ಷಣ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಥೇಟ್ ಆರ್ಥರ್‌ನ ನಗುವಿನ ಹಾಗೆ. ಆ ಒಂದು ಚಿಲಕದಲ್ಲಿ ಚಿತ್ರ ನೋಡುಗನನ್ನು ಕೇಳಿತ್ತು: ನೀನು ಯಾರ ಜೊತೆ ನಿಂತಿದ್ದೀ? ಹೆಚ್ಚಿನವರು ಉತ್ತರ ಕೊಡದೆ ಮೆಟ್ಟಿಲ ಕಡೆ ನಡೆದರು.

ಇದನ್ನು ಹೇಳುವಾಗ ಆಗಿನ ಭಯವನ್ನೂ ನೆನೆಯಬೇಕು. 2012ರ ಜುಲೈ 20ರಂದು ಕೊಲೊರಾಡೊದ ಅರೋರಾದಲ್ಲಿ ಬ್ಯಾಟ್‌ಮನ್ ಚಿತ್ರ ನೋಡುತ್ತಿದ್ದವರ ಮೇಲೆ ನಡೆದ ಗುಂಡಿನ ದಾಳಿಯಲ್ಲಿ 12 ಮಂದಿ ಸತ್ತಿದ್ದರು. ‘ಜೋಕರ್’ ಬರುವ ಮೊದಲು ಆ ಕುಟುಂಬಗಳ ಕೆಲವರು ಚಿತ್ರ ತಯಾರಿಸಿದ ವಾರ್ನರ್ ಬ್ರದರ್ಸ್‌ಗೆ ಪತ್ರ ಬರೆದರು. ಚಿತ್ರ ಆ ಊರಿನ ಅದೇ ಚಿತ್ರಮಂದಿರದಲ್ಲಿ ತೆರೆ ಕಾಣಲಿಲ್ಲ. ಲ್ಯಾಂಡ್‌ಮಾರ್ಕ್ ಸರಣಿಯ ಚಿತ್ರಮಂದಿರಗಳು ಮುಖವಾಡ, ವೇಷ ಬೇಡವೆಂದವು. ಭಯಪಟ್ಟಂಥ ದಾಳಿ ನಡೆಯಲಿಲ್ಲ. ಅಷ್ಟಕ್ಕೇ ಅನೇಕರು “ನೋಡಿ, ಚಿತ್ರದಿಂದ ಯಾವ ಹಾನಿಯೂ ಇಲ್ಲ” ಎಂದು ಚರ್ಚೆ ಮುಗಿಸಿದರು. ಮುಗಿಸಬಾರದಿತ್ತು. 2020ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು 164 ಪ್ರೇಕ್ಷಕರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರು ‘ಜೋಕರ್’ ನೋಡಿದರು, ಉಳಿದವರು ಅದೇ ಕಾಲದ ಒಂದು ಹೊಡೆದಾಟದ ಚಿತ್ರ ನೋಡಿದರು. ನೋಡಿದ ಮೇಲೆ ಮಾನಸಿಕ ಕಾಯಿಲೆ ಇರುವವರ ಬಗ್ಗೆ ಪೂರ್ವಗ್ರಹ ಹೆಚ್ಚಾಗಿ ಕಂಡದ್ದು ‘ಜೋಕರ್’ ನೋಡಿದವರಲ್ಲಿ. 164 ದೊಡ್ಡ ಸಂಖ್ಯೆಯಲ್ಲ, ಆ ಪರಿಣಾಮ ಎಷ್ಟು ದಿನ ಉಳಿಯುತ್ತದೆ ಎಂಬುದು ಬೇರೆ ಮಾತು. ಆದರೂ ಅದು ತೋರಿಸುವುದು ಗಂಭೀರ ಸಂಗತಿ. ಆರ್ಥರ್‌ಗೆ ಮರುಗಿದ ಪ್ರೇಕ್ಷಕನೇ ಮನೆಗೆ ಹೋಗುವಾಗ “ಇಂಥವರನ್ನು ನಂಬಬಾರದು” ಎಂಬ ಭಾವವನ್ನೂ ಹೊತ್ತೊಯ್ಯಬಹುದು. ಮರುಕ, ಭಯ ಒಂದೇ ಎದೆಯಲ್ಲಿ ಜಗಳವಿಲ್ಲದೆ ಇರಬಲ್ಲವು.

ಕನ್ನಡದ ನೋಡುಗರಿಗೆ ಇದನ್ನು ಅಳೆಯಲು ನಮ್ಮದೇ ಒಂದು ಅಳತೆಗೋಲಿದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯಿಂದ ಮಾಡಿದ ‘ಶರಪಂಜರ’. ಹೆರಿಗೆಯ ನಂತರ ಮನಸ್ಸು ಕದಡಿ, ಆಸ್ಪತ್ರೆಗೆ ಹೋಗಿ ಗುಣವಾಗಿ ಮನೆಗೆ ಬರುವ ಕಾವೇರಿ. ಕಲ್ಪನಾ ಆ ಪಾತ್ರದಲ್ಲಿ ಏನು ಮಾಡಿದರು ಎಂಬುದನ್ನು ಐದು ದಶಕ ದಾಟಿದ ಮೇಲೂ ಹೇಳುವವರಿದ್ದಾರೆ. ಅಲ್ಲಿ ಕಾವೇರಿ ಯಾರನ್ನೂ ಕೊಲ್ಲುವುದಿಲ್ಲ. ಗುಣವಾಗಿ ಬಂದವಳನ್ನು ಊರು ನೋಡುವ ನೋಟ, ಕೆಲಸದಾಳಿನಿಂದ ಗಂಡನವರೆಗೆ ಎಲ್ಲರ ಅಳುಕು, ಅದೇ ಅವಳನ್ನು ಮತ್ತೆ ಕೆಡಿಸುತ್ತದೆ. ಹಿಂಸೆ ಇರುವುದು ಕಾಯಿಲೆಯ ಒಳಗಲ್ಲ, ಹೊರಗೆ. ‘ಜೋಕರ್’ ಕೂಡ ಅರ್ಧ ಹಾದಿ ಇದನ್ನೇ ಹೇಳುತ್ತದೆ. ನಗರಸಭೆ ಹಣ ಕಡಿತ ಮಾಡುತ್ತದೆ, ಆಪ್ತಸಲಹೆ ನಿಲ್ಲುತ್ತದೆ, ಏಳು ಬಗೆಯ ಔಷಧಿ ತೆಗೆದುಕೊಳ್ಳುತ್ತಿದ್ದವನಿಗೆ ಇನ್ನು ಎಲ್ಲಿಂದ ತರಲಿ ಎಂಬ ಪ್ರಶ್ನೆ ಉಳಿಯುತ್ತದೆ. ಆಮೇಲೆ ಚಿತ್ರ ಔಷಧಿ ನಿಂತದ್ದನ್ನೂ ಕೊಲೆ ಶುರುವಾದದ್ದನ್ನೂ ಒಂದರ ಪಕ್ಕ ಒಂದು ಇಟ್ಟುಬಿಡುತ್ತದೆ. ನೋಡುಗನ ತಲೆಯಲ್ಲಿ ಅವೆರಡೂ ಹೊಲಿದುಕೊಳ್ಳುತ್ತವೆ. ಈ ಒಂದು ಕಾರಣಕ್ಕೆ ಮೊದಲ ಚಿತ್ರವನ್ನು ನಾನು ಪೂರ್ತಿಯಾಗಿ ಮೆಚ್ಚಲಾರೆ, ಫೀನಿಕ್ಸ್ ಎಷ್ಟೇ ಎತ್ತರಕ್ಕೆ ಹೋದರೂ.

ಒಪ್ಪಂದ ಮುರಿದದ್ದು

ಎರಡನೆಯ ಚಿತ್ರಕ್ಕೆ ಖರ್ಚಾದದ್ದು 19ರಿಂದ 20 ಕೋಟಿ ಡಾಲರ್ ಎಂದು ವರದಿಯಾಗಿದೆ, ಮೊದಲನೆಯದರ ಸುಮಾರು ಮೂರು ಪಟ್ಟು. ಜಗತ್ತಿನಾದ್ಯಂತ ಬಂದದ್ದು 20 ಕೋಟಿಗಿಂತ ತುಸು ಹೆಚ್ಚು. ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರಗಳಿಗೇ ಹೋಗುವುದರಿಂದ, ಪ್ರಚಾರದ ಖರ್ಚು ಬಿಟ್ಟರೂ ಇದು ದೊಡ್ಡ ನಷ್ಟ. ಮೊದಲನೆಯದು 100 ಕೋಟಿ ಡಾಲರ್ ದಾಟಿತ್ತು, ಆರ್ ದರ್ಜೆಯ (ಅಮೆರಿಕದಲ್ಲಿ 17 ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬಹುದಾದ) ಚಿತ್ರವೊಂದು ಆ ಗಡಿ ದಾಟಿದ್ದು ಅದೇ ಮೊದಲು.

ಯಾಕೆ ಬಿತ್ತು ಎಂದು ಕೇಳಿದರೆ ಮೊದಲು ಬರುವ ಉತ್ತರ “ಹಾಡು ಜಾಸ್ತಿ”. ಅದು ಸುಳ್ಳಲ್ಲ. ಗಾಯಕಿ ಲೇಡಿ ಗಾಗಾ ಆರ್ಥರ್‌ನ ಪ್ರೇಯಸಿ ಲೀ ಆಗಿ ಬಂದರು, ಆರ್ಥರ್ ಮತ್ತು ಲೀ ಹಳೆಯ ಹಾಡುಗಳನ್ನು ಹಾಡುತ್ತಾರೆ, ಆದರೆ ಪ್ರಚಾರದಲ್ಲಿ ಅದನ್ನು ಮ್ಯೂಸಿಕಲ್ ಎಂದು ಬಾಯಿಬಿಟ್ಟು ಹೇಳಲಿಲ್ಲ. ಥ್ರಿಲ್ಲರ್ ಎಂದು ಟಿಕೆಟ್ ತೆಗೆದವನಿಗೆ ಕೋರ್ಟಿನ ವಾದ, ನಡುವೆ ಹಾಡು ಸಿಕ್ಕಿತು. ಬೋರ್ಡಿನಲ್ಲಿ ಒಂದು, ಎಲೆಯಲ್ಲಿ ಇನ್ನೊಂದು. ಹಾಡುಗಳು ಕಥೆಯನ್ನು ಮುಂದಕ್ಕೆ ಒಯ್ಯುವುದಿಲ್ಲ ಎಂಬುದು ಕಸುಬಿನ ದೃಷ್ಟಿಯಿಂದಲೂ ನಿಜವಾದ ದೋಷ. ಪಾತ್ರ ಹಾಡುವ ಮೊದಲು ಎಲ್ಲಿತ್ತೋ ಹಾಡಿದ ಮೇಲೂ ಅಲ್ಲೇ ಇರುತ್ತದೆ.

ಆದರೆ ಹಾಡಿಗೆ ಸಿ ಬರುತ್ತದೆ, ಡಿ ಬರುವುದಿಲ್ಲ. ಡಿ ಬಂದದ್ದು ಕಟಕಟೆಯಿಂದ. ಆರ್ಥರ್ ವಿಚಾರಣೆಯಲ್ಲಿ ಸಾಕ್ಷಿಯಾಗಿ ಗ್ಯಾರಿ ಬರುತ್ತಾನೆ, ಚಿಲಕ ಎಟುಕದ ಅದೇ ಗ್ಯಾರಿ. ಗ್ಯಾರಿಯಾಗಿ ನಟಿಸಿದ ಲೀ ಗಿಲ್ ಆ ಕೆಲವು ನಿಮಿಷಗಳಲ್ಲಿ ಇಡೀ ಚಿತ್ರವನ್ನು ತನ್ನ ಕಡೆ ಎಳೆದುಕೊಳ್ಳುತ್ತಾರೆ. ಅಂದಿನಿಂದ ತನಗೆ ಹೇಗೆ ಬದುಕಲಾಗುತ್ತಿಲ್ಲ ಎಂದು ಅವನು ಹೇಳುತ್ತಾನೆ. ಎದುರಿಗೆ ಬಣ್ಣ ಬಳಿದು, ಕೃತಕ ಉಚ್ಚಾರದಲ್ಲಿ ವಕೀಲನ ವೇಷ ಆಡುತ್ತಿರುವ ಆರ್ಥರ್. ಗ್ಯಾರಿಯ ಮಾತು ತಾಗಿದಾಗ ಫೀನಿಕ್ಸ್ ಮುಖದಲ್ಲಿ ಬಣ್ಣದ ಕೆಳಗೆ ಹಳೆಯ ಆರ್ಥರ್ ಇಣುಕುವುದನ್ನು ನೋಡಬೇಕು, ನನಗೆ ಎರಡೂ ಚಿತ್ರಗಳಲ್ಲಿ ಅವರ ಅತ್ಯುತ್ತಮ ಗಳಿಗೆ ಅದೇ. ಕೊನೆಗೆ ಅವನು ನ್ಯಾಯಾಲಯಕ್ಕೆ ಹೇಳುವುದು ಇಷ್ಟು: ಜೋಕರ್ ಅಂತ ಯಾರೂ ಇಲ್ಲ, ಇದೆಲ್ಲ ಮಾಡಿದ್ದು ನಾನೇ.

2019ರಲ್ಲಿ ಮೆಟ್ಟಿಲಿನ ಮೇಲೆ ಕುಣಿದವನಿಗಾಗಿ ಬಂದವರಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಮೊದಲ ಚಿತ್ರ ಕೇಳಿದ್ದ ಪ್ರಶ್ನೆಗೆ ಎರಡನೆಯದು ತಾನೇ ಉತ್ತರ ಹೇಳಿತು, ಅದೂ ಪ್ರೇಕ್ಷಕನ ಮುಖಕ್ಕೆ. ನೀವು ಪ್ರೀತಿಸಿದ್ದು ಮನುಷ್ಯನನ್ನಲ್ಲ, ಬಣ್ಣವನ್ನು. ಈ ಮಾತು ಸರಿ ಎಂದೇ ನನಗನ್ನಿಸುತ್ತದೆ. ಹೇಳಿದ ರೀತಿ ಒಣಗಿತ್ತು, ಎರಡು ಗಂಟೆ ಹದಿನೆಂಟು ನಿಮಿಷ ಉದ್ದವಾಯಿತು, ಲೀಯ ಪಾತ್ರಕ್ಕೆ ಬೇರೇನೂ ಕೆಲಸವಿರಲಿಲ್ಲ. ಅವೆಲ್ಲ ಚಿತ್ರದ ತಪ್ಪುಗಳು. ಆದರೆ ಸಿಟ್ಟಿನ ಬೇರು ಆ ತಪ್ಪುಗಳಲ್ಲಿರಲಿಲ್ಲ.

ಅಭಿಪ್ರಾಯ ಓದುವಾಗ

ಇಂಥ ಚಿತ್ರಕ್ಕೆ ಹೋಗಬೇಕೋ ಬೇಡವೋ ಎಂದು ಜನರ ಮಾತು ಓದುವವರು ಹತ್ತು, ಒಂದು ಕೊಟ್ಟವರನ್ನು ಆಮೇಲೆ ಓದಲಿ. ಮೂರು ನಕ್ಷತ್ರದವರಲ್ಲಿ ವಿವರ ಹೆಚ್ಚು, ಯಾವ ದೃಶ್ಯ ಹಿಡಿಸಿತು, ಎಲ್ಲಿ ಕೈತಪ್ಪಿತು ಎಂದು ಅವರೇ ಹೇಳುವುದು. “ಆ್ಯಕ್ಟಿಂಗ್ ಸೂಪರ್, ಸಿನಿಮಾ ಸ್ಲೋ” ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಈ ಬಗೆಯ ಚಿತ್ರದಲ್ಲಿ ನಿಧಾನವೇ ನಟನಿಗೆ ಜಾಗ ಕೊಡುವುದು, ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಿದವರು ಒಂದೇ ವಸ್ತುವಿನ ಎರಡು ಬದಿ ನೋಡಿರಬಹುದು. ಅಭಿಪ್ರಾಯ ಕೊನೆಯ ಬಗ್ಗೆಯೇ ಇದ್ದರೆ ಅದು ಚಿತ್ರ ಅವರನ್ನು ಎಲ್ಲಿ ಬಿಟ್ಟಿತು ಎಂಬುದರ ಬಗ್ಗೆ, ಚಿತ್ರದ ಬಗ್ಗೆ ಕಡಿಮೆ. ಮೊದಲ ದಿನದ ಟಾಕ್‌ಗಿಂತ ಎರಡನೆಯ ಸೋಮವಾರದ ಸೀಟು ನೋಡಿ.

ನಮ್ಮ ಥಿಯೇಟರುಗಳಿಗೆ ಸೇರಿದ ಒಂದು ತೊಂದರೆಯನ್ನೂ ಲೆಕ್ಕಕ್ಕಿಡಬೇಕು. ಇಂಟರ್ವಲ್ ಇಲ್ಲದಂತೆ ಕಟ್ಟಿದ ಚಿತ್ರಕ್ಕೆ ಇಲ್ಲಿ ಎಲ್ಲೋ ಒಂದು ಕಡೆ ದೀಪ ಹಾಕುತ್ತಾರೆ. ಎರಡು ಗಂಟೆ ಸ್ವಲ್ಪಸ್ವಲ್ಪವೇ ಬಿಗಿಯುವ ಹಗ್ಗ ಅದು. ನಡುವೆ ಹತ್ತು ನಿಮಿಷ ಪಾಪ್‌ಕಾರ್ನ್, ಜಾಹೀರಾತು ಬಂದರೆ ಹಗ್ಗ ಸಡಿಲವಾಗುತ್ತದೆ, ಮತ್ತೆ ಬಿಗಿಯಲು ಕಾಲು ಗಂಟೆ ಬೇಕು. “ಸೆಕೆಂಡ್ ಹಾಫ್ ಲ್ಯಾಗ್” ಎಂಬ ದೂರಿನಲ್ಲಿ ಒಂದು ಪಾಲು ಈ ದೀಪದ್ದು. ಮಕ್ಕಳ ವಿಷಯವೂ ಇದೆ. ಅಮೆರಿಕದ ಆರ್ ದರ್ಜೆಯಲ್ಲಿ ದೊಡ್ಡವರ ಜೊತೆ ಮಕ್ಕಳು ಹೋಗಬಹುದು. ನಮ್ಮ ‘ಎ’ ಪ್ರಮಾಣಪತ್ರದ ಚಿತ್ರಕ್ಕೆ, ಮೊದಲ ‘ಜೋಕರ್’ಗೆ ಅದೇ ಸಿಕ್ಕಿತ್ತು, 18 ತುಂಬದವರಿಗೆ ಅಪ್ಪ-ಅಮ್ಮ ಜೊತೆಗಿದ್ದರೂ ಪ್ರವೇಶವಿಲ್ಲ. ಕಾಮಿಕ್ಸ್ ಪಾತ್ರ ಎಂದುಕೊಂಡು ಮಕ್ಕಳಿಗೂ ಟಿಕೆಟ್ ತೆಗೆದು ಗೇಟಿನಲ್ಲಿ ವಾಪಸಾಗಿ ಒಂದು ನಕ್ಷತ್ರ ಕೊಡುವುದು ಚಿತ್ರಕ್ಕೆ ಮಾಡುವ ಅನ್ಯಾಯ.

ಈಚೆಗೆ ಕೆಲವು ಕನ್ನಡ ಚಿತ್ರಗಳ ನಿರ್ಮಾಪಕರು ಕೋರ್ಟಿನ ಆದೇಶ ತಂದು ಬುಕ್‌ಮೈಶೋದಲ್ಲಿ ರೇಟಿಂಗ್, ವಿಮರ್ಶೆ ಎರಡನ್ನೂ ನಿಲ್ಲಿಸಿದ್ದಾರೆ. ಚಿತ್ರ ನೋಡದೆ ಗುಂಪುಕಟ್ಟಿ ಒಂದು ನಕ್ಷತ್ರ ಸುರಿಯುವವರಿಂದ ಅವರಿಗಾದ ನೋವು ನಿಜ. ಆದರೆ ಬಾಯಿ ಮುಚ್ಚಿಸಿದರೆ ಹೊಡೆತ ಬೀಳುವುದು ದೊಡ್ಡ ತಾರೆಯ ಚಿತ್ರಕ್ಕಲ್ಲ, ಅದಕ್ಕೆ ಕಟೌಟ್ ಇದೆ. ಹೊಸಬರ ಕತ್ತಲೆಯ ಥ್ರಿಲ್ಲರ್‌ಗೆ ಇರುವುದು ಎರಡನೆಯ ವಾರದ ಮೌತ್ ಟಾಕ್ ಒಂದೇ. ಬೇಕಾಗಿರುವುದು ಟಿಕೆಟ್ ತೆಗೆದವರ ಮತವನ್ನು ಬೇರೆ ಮಾಡಿ ತೋರಿಸುವುದು. ರಾಟನ್ ಟೊಮೆಟೋಸ್ 2019ರಲ್ಲೇ ಆ ದಾರಿ ಹಿಡಿಯಿತು.

‘ಫೋಲಿ ಆ ದ್ಯು’ ಕೊನೆಗೆ ಅದೇ ಬ್ರಾಂಕ್ಸ್ ಮೆಟ್ಟಿಲಿಗೆ ಮರಳುತ್ತದೆ. ನ್ಯಾಯಾಲಯದ ಹೊರಗೆ ಬಾಂಬು ಸಿಡಿದು ತಪ್ಪಿಸಿಕೊಂಡ ಆರ್ಥರ್ ಓಡಿ ಬರುತ್ತಾನೆ, ಲೀ ಅಲ್ಲಿ ನಿಂತಿದ್ದಾಳೆ. ಹೋಗೋಣ ಬಾ ಎನ್ನುತ್ತಾನೆ. ಆದರೆ ಅವಳು ಬಂದದ್ದು ಜೋಕರ್‌ಗಾಗಿ, ಅವನು ಅದನ್ನು ಕೋರ್ಟಿನಲ್ಲಿ ಬಿಟ್ಟು ಬಂದಿದ್ದಾನೆ. ಅವಳು ಹಾಡುತ್ತಾಳೆ. ಹಾಡಬೇಡ, ಮಾತಾಡು ಎಂದು ಅವನು ಬೇಡುತ್ತಾನೆ. ಅವಳು ಮೆಟ್ಟಿಲ ಮೇಲೆ ಅವನನ್ನು ಬಿಟ್ಟು ಹೊರಟುಹೋಗುತ್ತಾಳೆ.